ದೊರೆಸಾನಿಯ ಬೇರು

ಮಾವಿನಕಾಯಿ ಉಪ್ಪಿನಕಾಯಿಗೆ ಅಮ್ಮ ಸಾಸಿವೆ ಅರೆಯುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಮಾವಿನಕಾಯಿ ಹೆಚ್ಚುತ್ತಿದ್ದೆ. ಉಪ್ಪುನೀರು ಚಿಮುಕಿಸಿ ಅವಳು ಗುಂಡುಕಲ್ಲನ್ನು ತಿರುಗಿಸಿದ್ದೇ ತಡ, ಹಸಿ ಸಾಸಿವೆಯ ಉರಿ ಎದ್ದು ನನ್ನ ಮೂಗಿನ ಮೇಲ್ತುದಿಗೆ, ಎರಡು ಹುಬ್ಬುಗಳ ನಡುವೆ ಹೋಗಿ ಕುಳಿತಿತು. ಕತ್ತಿ ಕೆಳಗಿಟ್ಟು ಹಿತ್ತಿಲಿಗೆ ಎದ್ದು ಹೋದೆ.

"ಯಾಕೇ, ಏನಾಯ್ತು?" ಅಮ್ಮ ಒಳಗಿನಿಂದ ಕೂಗಿದಳು.

"ಸಾಸಿವೆ ಘಾಟು."

"ಹುಟ್ದಾಗ್ನಿಂದ ಇದೇ ಸಾಸ್ವೆ. ಈಗೇನ್ ಹೊಸ್ದಾಗಿ ಘಾಟು?"

ಗೋಣಿಕೊಪ್ಪಲಿನಲ್ಲಿ ನಾನು ಕಳೆದ ಆ ಒಂದು ವರ್ಷದ ಬಗ್ಗೆ ಮನೆಯವರಿಗೆ ತಿಳಿದಿರುವುದು ಇಷ್ಟೇ: ಮಳೆ ಜಾಸ್ತಿ, ಮನೆಯವರು ಒಳ್ಳೆಯವರು, ಊಟಕ್ಕೆ ತೊಂದರೆಯಾಗಲಿಲ್ಲ. ಮೂರೂ ನಿಜ.

ಆಗ ಕೊಡಗು ಇನ್ನೂ ಬೇರೆ ರಾಜ್ಯವಾಗಿತ್ತು. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ನಾನು ಮನೆಗೆ ಬಂದಿದ್ದೆ. ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ರೈತರ ಮನೆ. ರಾಗಿ, ಹೊಗೆಸೊಪ್ಪು, ಎರಡು ಜೊತೆ ಎತ್ತು. ಗೋಣಿಕೊಪ್ಪಲಿನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅಧ್ಯಾಪಕಿ ಬಾಣಂತನಕ್ಕೆಂದು ಒಂದು ವರ್ಷ ರಜೆ ಹಾಕಿದ್ದರು. ಅವರ ಜಾಗಕ್ಕೆ ನಾನು ಅರ್ಜಿ ಹಾಕಿದೆ. ಅಪ್ಪನಿಗೆ ಅಷ್ಟರಲ್ಲಿ ಒಪ್ಪುವಂಥ ಗಂಡು ಸಿಕ್ಕಿರಲಿಲ್ಲ. "ಒಂದ್ ವರ್ಷ ಅಷ್ಟೇ ಕಣಮ್ಮ" ಎಂದು ಒಪ್ಪಿಕೊಂಡ. ಹೀಗೆ ಜೂನ್ ತಿಂಗಳ ಮೊದಲ ಮಳೆಯಲ್ಲಿ ಒಂದು ಟ್ರಂಕು, ಒಂದು ಸ್ಟವ್, ಹಾಸಿಗೆ ಸುರುಳಿಯೊಂದಿಗೆ ನಾನು ಆ ಊರಿನಲ್ಲಿ ಬಸ್ಸಿಳಿದೆ.

ನನಗೆ ರೂಮು ಸಿಕ್ಕಿದ್ದು ಪೂವಯ್ಯನವರ ಮನೆಯಲ್ಲಿ. ಒಂದು ಕಾಲಕ್ಕೆ ಅಲ್ಲಿ ಕಾಫಿ ವ್ಯಾಪಾರದ ಬಿಳಿ ದೊರೆಯೊಬ್ಬ ತನ್ನ ಹೆಂಡತಿಯೊಂದಿಗೆ ಇದ್ದನಂತೆ. ಅವರು ದೇಶ ಬಿಟ್ಟು ಹೋದ ಮೇಲೆ ಪೂವಯ್ಯನವರು ಕೊಂಡರು. ದೊರೆಯ ಆಫೀಸಾಗಿದ್ದ ಪಕ್ಕದ ಕೋಣೆ ನನ್ನದಾಯಿತು. ಅದಕ್ಕೆ ಜಗಲಿಯ ಕಡೆ ಬೇರೆ ಬಾಗಿಲಿತ್ತು. ಮನೆಯಲ್ಲಿದ್ದವರು ಪೂವಯ್ಯ ಮತ್ತು ಅವರ ಹೆಂಡತಿ ದೇಚವ್ವ, ಇಬ್ಬರೇ. ಒಬ್ಬಳೇ ಮಗಳನ್ನು ವಿರಾಜಪೇಟೆಗೆ ಕೊಟ್ಟಿದ್ದರು. ಇಬ್ಬರಿಗೂ ಐವತ್ತರ ಆಸುಪಾಸು. ತಮ್ಮೊಳಗೆ ಕೊಡವ ಭಾಷೆಯಲ್ಲಿ, ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು.

ಅವರದು ಮಾಂಸದ ಅಡಿಗೆ, ನಮ್ಮ ಮನೆಯಲ್ಲಿ ಅದು ಇಲ್ಲ. ಹಾಗಾಗಿ ನಾನು ನನ್ನ ಕೋಣೆಯಲ್ಲೇ ಬೇಯಿಸಿಕೊಳ್ಳುತ್ತಿದ್ದೆ. ದೇಚವ್ವ ನನ್ನ ಹೊಸ್ತಿಲು ದಾಟುತ್ತಿರಲಿಲ್ಲ. ದಾಟಿದರೆ ನನಗೆ ಮೈಲಿಗೆಯಾದೀತೆಂದು ಅವರು ತಿಳಿದಿದ್ದರು. ಹಾಗೇನಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸಂಜೆ ಬಾಗಿಲಲ್ಲಿ ನಿಂತು "ಊಟ ಆಯ್ತಾ ಟೀಚರ್?" ಎನ್ನುತ್ತಿದ್ದರು. "ಆಯ್ತು" ಎನ್ನುತ್ತಿದ್ದೆ. ಅವರನ್ನು ಏನೆಂದು ಕರೆಯಬೇಕೆಂದು ತಿಳಿಯದೆ, ಏನೂ ಕರೆಯದೇ ಮಾತು ಮುಗಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ಶಾಲೆ ಬಿಟ್ಟ ಮೇಲೆ ಆ ಒಂದು ಪ್ರಶ್ನೆ, ಆ ಒಂದು ಉತ್ತರ. ಕೆಲವು ಭಾನುವಾರ ಅದೂ ಇಲ್ಲ. ಹೊರಗೆ ಮಳೆ ಬಿಡದೆ ಸುರಿಯುವಾಗ ನನ್ನ ದನಿ ಇನ್ನೂ ಇದೆಯೇ ಎಂದು ನೋಡಲು ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಂಡದ್ದುಂಟು.

ಪೂವಯ್ಯನವರ ಕೆಲಸ ಏನೆಂದು ನನಗೆ ಮೊದಲು ತಿಳಿಸಿದವನು ಮಮ್ಮದ್. ಅವನು ಊರಿನ ದೊಡ್ಡ ಕಾಫಿ ವ್ಯಾಪಾರಿಯ ಗೋದಾಮಿನಲ್ಲಿ ಲೆಕ್ಕ ಬರೆಯುವ ರೈಟರು, ಮಲಯಾಳದ ಕಡೆಯವನು, ದಿನಕ್ಕೊಮ್ಮೆಯಾದರೂ ಮನೆಗೆ ಬರುತ್ತಿದ್ದ.

"ಪೂವಯ್ಯಣ್ಣನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿ ಟೀಚರೇ," ಎಂದ. "ಒಂದು ಹಿಡಿ ಕಾಫಿ ಬೀಜ ಮೂಗಿನ ಹತ್ತಿರ ಹಿಡಿಯಿರಿ. ಯಾವ ಕಡೆ ತೋಟದ್ದು, ಕಣದಲ್ಲಿ ಒಣಗುವಾಗ ಮಳೆ ಬಿತ್ತಾ, ಹಳೇ ಗೋಣಿಯಲ್ಲಿ ತುಂಬಿದ್ದಾ, ಎಲ್ಲ ಹೇಳ್ತಾರೆ. ಒಂದು ಕೊಳೆತ ಬೀಜ ಇದ್ದರೆ ಇಡೀ ಮೂಟೆ ಹಾಳು. ಆ ಒಂದನ್ನು ಹಿಡಿಯೋ ಮೂಗು ಇದು. ಸಾವ್ಕಾರ್ರು ಗೋದಾಮಿಗೆ ಬೀಗ ಹಾಕೋದು ಮರೆತಾರು, ಇವರ ಮೂಗು ಕೇಳದೆ ಮೂಟೆ ಇಳಿಸೋದಿಲ್ಲ."

ಪೂವಯ್ಯನವರು ನಗದೆ, "ಸಾಕು ಮಾರಾಯ, ನನ್ನ ಮೂಗನ್ನೇ ಮಾರಿಬಿಡ್ತೀ ನೀನು" ಎಂದರು. ಆದರೆ ಅವರಿಗೆ ಹೆಮ್ಮೆಯಿತ್ತು. ನಾನು ಸ್ಟವ್ ಹಚ್ಚಿದರೆ ಜಗಲಿಯಿಂದಲೇ "ಟೀಚರ್, ಬತ್ತಿ ಕತ್ತರಿಸಿ, ಹೊಗೆ ಬರ್ತಾ ಉಂಟು" ಎನ್ನುತ್ತಿದ್ದರು. ನನಗೆ ಏನೂ ವಾಸನೆ ಬಂದಿರುತ್ತಿರಲಿಲ್ಲ. ನೋಡಿದರೆ ಬತ್ತಿ ಕರಿಕಟ್ಟಿರುತ್ತಿತ್ತು.

ಜುಲೈಯಲ್ಲಿ ಅವರಿಗೆ ಜ್ವರ ಬಂತು. ವಾರಗಟ್ಟಲೆ ಮಲಗಿ ಎದ್ದರು. ಎದ್ದ ಮೇಲೆ ಊಟ ಸೇರುತ್ತಿರಲಿಲ್ಲ. ಜ್ವರದ ಬಾಯಿ ಎಂದುಕೊಂಡರು. ಅಷ್ಟರಲ್ಲಿ, ಆಗಸ್ಟ್ ಮೊದಲಿಗೆ, ಕಕ್ಕಡ ತಿಂಗಳ ಹದಿನೆಂಟು ಬಂತು. ಕೊಡಗಿನಲ್ಲಿ ಆ ದಿನ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಆ ಸೊಪ್ಪಿಗೆ ವರ್ಷವೆಲ್ಲ ಇಲ್ಲದ ಪರಿಮಳ ಆ ದಿನಕ್ಕೆ ತುಂಬಿ ಬರುತ್ತದೆ, ಅದರಲ್ಲಿ ಹದಿನೆಂಟು ಬಗೆಯ ಮದ್ದಿರುತ್ತದೆ ಎಂದು ನಂಬಿಕೆ. ದೇಚವ್ವ ಬೆಳಿಗ್ಗೆಯಿಂದ ಸೊಪ್ಪು ಕುದಿಸುತ್ತಿದ್ದರು. ನೀರು ಕಡುನೇರಳೆಯಾಗಿ, ಸಿಹಿಯೂ ಕಾಡೂ ಬೆರೆತಂಥ ಒಂದು ವಾಸನೆ ನನ್ನ ಕೋಣೆಯವರೆಗೂ ಬಂದು ಬಟ್ಟೆಗಳಿಗೆ ಹಿಡಿದಿತ್ತು. ಮಾಂಸ ತಾಗದ ಪಾತ್ರೆಯಲ್ಲೇ ಮಾಡಿದ್ದೇನೆ ಎಂದು ಹೇಳಿ ನನಗೂ ಒಂದು ಬಟ್ಟಲು ತಂದರು. ಜಗಲಿಯಲ್ಲಿ ಕುಳಿತು ತಿನ್ನುತ್ತಿದ್ದೆವು.

"ಇದೆಂತ ದೇಚು, ಈ ಸಲ ಸೊಪ್ಪೇ ಹಾಕಲಿಲ್ಲವಾ? ಬರೀ ಬೆಲ್ಲ" ಎಂದರು ಪೂವಯ್ಯನವರು.

"ಸೊಪ್ಪು ಹಾಕಲಿಲ್ಲವಾ! ಬಣ್ಣ ನೋಡಿ ನೀವು. ರಸ್ತೆವರೆಗೆ ಬರ್ತಾ ಉಂಟು ಪರಿಮಳ."

ಅವರು ಬಟ್ಟಲಿನ ಮೇಲೆ ಬಗ್ಗಿದರು. ಮತ್ತೆ ಬಗ್ಗಿದರು. ಎದ್ದು ಒಳಗೆ ಹೋಗಿ ಕಾಫಿಪುಡಿ ಡಬ್ಬಿ ತಂದು ಮುಚ್ಚಳ ತೆಗೆದು ಮೂಗಿಗೆ ಹಿಡಿದರು. ಅದನ್ನಿಟ್ಟು ಗೋಡೆಗೆ ತೂಗಿದ್ದ ಲಾಟೀನು ಇಳಿಸಿ ಸೀಮೆಎಣ್ಣೆಯ ಬಾಯಿ ಮೂಸಿದರು. ಆಮೇಲೆ ಒದ್ದೆ ಕಂಬಳಿ. ನಾವಿಬ್ಬರೂ ಚಮಚ ಹಿಡಿದು ನೋಡುತ್ತಿದ್ದೆವು. ಅವರು ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು.

"ದೇಚು, ನನಗೆ ಎಂತದೂ ಬರ್ತಾ ಇಲ್ಲ."

ಅಲ್ಲಿಂದ ಆ ಮನೆಯ ಲೆಕ್ಕವೆಲ್ಲ ಒಂದೇ ಆಯಿತು. ಸುಗ್ಗಿಯ ಹಬ್ಬ ಹುತ್ತರಿ ಕಳೆದು ಹೊಸ ಕಾಫಿ ಗೋದಾಮಿಗೆ ಬರುವ ಹೊತ್ತಿಗೆ ಮೂಗು ಬರಬೇಕು. ಬಾರದಿದ್ದರೆ ಇಪ್ಪತ್ತೈದು ವರ್ಷ ಮಾಡಿದ ಕೆಲಸ ಹೋಗುತ್ತದೆ. ತುಂಬೆರಸ ಬಿಟ್ಟರು, ಬಜೆ ತೇಯ್ದು ಹಚ್ಚಿದರು, ಭಾಗಮಂಡಲಕ್ಕೆ ಹರಕೆ ಹೊತ್ತರು. ಸಾವ್ಕಾರರಿಗೆ ವಿಷಯ ತಿಳಿಸಬೇಡವೆಂದು ದೇಚವ್ವ ಮಮ್ಮದನಿಂದ ಮಾತು ತೆಗೆದುಕೊಂಡರು. ಪೂವಯ್ಯನವರು ಜಗಲಿಯ ಕುರ್ಚಿಯಲ್ಲಿ ಮಳೆ ನೋಡುತ್ತ ಕುಳಿತಿರುತ್ತಿದ್ದರು. ನನ್ನ ಸ್ಟವ್ವಿನ ಬತ್ತಿಯ ಬಗ್ಗೆ ಹೇಳುವವರು ಈಗ ಯಾರೂ ಇರಲಿಲ್ಲ.

ಬಚ್ಚಲ ನೀರು ಹರಿದು ಹೋಗುವ ಕಡೆ ಅಗಲ ಎಲೆಯ ಒಂದು ಗಿಡ ದಟ್ಟವಾಗಿ ಬೆಳೆದಿತ್ತು. ನೀರು ಕಟ್ಟಿಕೊಂಡಿತೆಂದು ಒಂದು ದಿನ ದೇಚವ್ವ ಅದನ್ನು ಗುದ್ದಲಿಯಿಂದ ಕಡಿಯುತ್ತಿದ್ದರು. ಬಟ್ಟೆ ಒಗೆಯಲು ಹೋಗಿದ್ದ ನನ್ನ ಕಾಲ ಬಳಿ ಒಂದು ಬೇರಿನ ತುಂಡು ಬಂದು ಬಿತ್ತು. ಕಂದು ಸಿಪ್ಪೆ, ಒಳಗೆ ಬಿಳಿ. ಎತ್ತಿ ಉಗುರಿನಿಂದ ಕೆರೆದೆ. ಹಸಿ ಸಾಸಿವೆ ಅರೆದಾಗಿನ ಅದೇ ಉರಿ ಮೂಗಿಗೆ ಏರಿತು.

"ಇದು ಮೂಲಂಗಿಯ ಜಾತಿ" ಎಂದೆ. ನಾನಾಗಿ ಅವರೊಡನೆ ಮಾತು ತೆಗೆದದ್ದು ಬಹುಶಃ ಅದೇ ಮೊದಲು.

"ಎಂತ ಮೂಲಂಗಿಯೋ. ದೊರೆಸಾನಿ ನೆಟ್ಟದ್ದು. ಎಷ್ಟು ಕಿತ್ತರೂ ಬರ್ತದೆ ಪೀಡೆ. ಅದನ್ನು ಅರೆದು ದನದ ಮಾಂಸಕ್ಕೆ ಹಚ್ಚಿ ತಿಂತಿದ್ದರಂತೆ ಅವರು. ಅದಕ್ಕೇ ನಾವು ಯಾರೂ ಮುಟ್ಟಲಿಲ್ಲ."

ಅದು ಇಂಗ್ಲಿಷಿನಲ್ಲಿ ಹಾರ್ಸ್‌ರ‍್ಯಾಡಿಷ್ ಎನ್ನುವ ಗಿಡವೆಂದು ನನಗೆ ಹೊಳೆಯಿತು. ಪುಸ್ತಕದಲ್ಲಿ ಚಿತ್ರ ನೋಡಿದ್ದೆ ಅಷ್ಟೆ. "ಬೇರು ಏನು ಮಾಡೀತು? ಅದು ದನ ಕಂಡಿಲ್ಲವಲ್ಲ" ಎಂದೆ. ದೇಚವ್ವ ಗುದ್ದಲಿ ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಜೋರಾಗಿ ನಕ್ಕರು.

ಮೂಲಂಗಿ ಎಂದ ಮೇಲೆ ಅವರು ಬಿಡಲಿಲ್ಲ. ಮರುದಿನ ಬೇರುಗಳನ್ನು ತೊಳೆದು ಹೆಚ್ಚಿ ಬೇಯಿಸಿ, ಒಗ್ಗರಣೆ ಹಾಕಿ, ತೆಂಗಿನಕಾಯಿ ಉದುರಿಸಿ ಪಲ್ಯ ಮಾಡಿದರು. ಉರಿಯೆಲ್ಲ ಹಬೆಯಲ್ಲಿ ಹೋಗಿ ನಾರು ಮಾತ್ರ ಉಳಿದಿತ್ತು. ಬಾಯಿಗೆ ಹಾಕಿಕೊಂಡ ಮಮ್ಮದ್ ಬಹಳ ಹೊತ್ತು ಅಗಿದ.

"ಅಕ್ಕಾ, ದೊರೆಗಳು ಸ್ವಾತಂತ್ರ್ಯ ಕೊಟ್ಟು ಯಾಕೆ ಓಡಿಹೋದರು ಅಂತ ನನಗೆ ಈಗ ಗೊತ್ತಾಯ್ತು" ಎಂದ.

ಒಂದು ಬೇರು ನಾನು ಕೋಣೆಗೆ ತಂದುಕೊಂಡಿದ್ದೆ. ಸಂಜೆ ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಚಟ್ನಿ ಅರೆಯುವ ನನ್ನ ಚಿಕ್ಕ ಕಲ್ಲಿನ ಮೇಲೆ ಹಸಿಯಾಗಿಯೇ ಅರೆದೆ. ಮೊದಲು ಏನೂ ಇಲ್ಲ. ಕೈ ನಿಲ್ಲಿಸಿ ಉಪ್ಪು ತರಲು ಎದ್ದು ಬರುವಷ್ಟರಲ್ಲಿ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಬಾಗಿಲು ತೆರೆದು ಗಾಳಿಗೆ ಬೆನ್ನು ಕೊಟ್ಟು ಕುಳಿತು ಅರೆದು ಮುಗಿಸಿದೆ. ಬೆಳಿಗ್ಗೆ ನೋಡಿದರೆ ಉರಿ ಹಾರಿಹೋಗಿ ಕಹಿ ಉಳಿದಿತ್ತು. ಹುಳಿ ಹಾಕಿದರೆ ಉರಿ ನಿಲ್ಲುತ್ತದೆ ಎಂದು ಎಲ್ಲೋ ಓದಿದ ನೆನಪು. ದೊರೆಸಾನಿ ವಿನಿಗರ್ ಹಾಕಿರಬೇಕು. ಅದು ನನ್ನಲ್ಲಿರಲಿಲ್ಲ. ದೇಚವ್ವನ ಅಡಿಗೆಮನೆಯಲ್ಲಿ ಕಾಚಂಪುಳಿ ಇತ್ತು. ಒಂದು ಕಾಡುಹಣ್ಣಿನ ರಸವನ್ನು ಕಪ್ಪಾಗಿ, ಕಾಕಂಬಿಯಂತೆ ಗಟ್ಟಿಯಾಗುವವರೆಗೆ ಕುದಿಸಿದ ಹುಳಿ, ಕೊಡಗಿನಲ್ಲಿ ಹಂದಿಮಾಂಸಕ್ಕೆ ಅದಿಲ್ಲದೆ ಆಗುವುದಿಲ್ಲ. ಚಿಕ್ಕ ಶೀಸೆಯಲ್ಲಿ ಕೇಳಿ ತಂದೆ.

ಅರೆದ ಕೂಡಲೇ ಹುಳಿ ಹಾಕಿದರೆ ಬೇರು ಸಪ್ಪೆ. ಉರಿ ಏರಲು ಬಿಟ್ಟು, ಅದು ಇನ್ನೇನು ತಡೆಯಲಾಗದು ಎಂಬ ಹೊತ್ತಿಗೆ ಕಾಚಂಪುಳಿಯ ನಾಲ್ಕು ತೊಟ್ಟು ನೀರಿನಲ್ಲಿ ಕದಡಿ ಹಾಕಿದರೆ ಅಲ್ಲಿಗೇ ನಿಲ್ಲುತ್ತದೆ. ಇನ್ನೂ ತಡಮಾಡಿದರೆ ಕಹಿ. ಇದನ್ನು ಕಂಡುಕೊಳ್ಳಲು ನನಗೆ ಹಲವು ಸಂಜೆ ಹಿಡಿಯಿತು. ಅಷ್ಟು ಸಂಜೆಗಳು ನನ್ನಲ್ಲಿದ್ದವು. ಮಾಂಸಕ್ಕೆಂದೇ ಇರುವ ಆ ವ್ಯಂಜನವನ್ನು ನಾನು ಮೊಸರನ್ನಕ್ಕೆ ನೆಂಚಿಕೊಂಡೆ. ತಣ್ಣನೆಯ ಮೊಸರನ್ನ, ಅದರ ತುದಿಯಲ್ಲಿ ಮಣ್ಣಿನ ಬಣ್ಣದ ಒಂದು ಚೂರು. ಆ ಊರಿನಲ್ಲಿ ನಾನು ಮೊದಲ ಬಾರಿ ಇಷ್ಟಪಟ್ಟು ಉಂಡದ್ದು ಅದು. ಒಬ್ಬಳೇ ಕುಳಿತು, ಕಣ್ಣು ಮೂಗು ಸುರಿಸುತ್ತ, ಯಾರಿಗೂ ಹೇಳಲಾಗದೆ ಉಣ್ಣುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಬಂತು. ನಾಟಿ ಮುಗಿದ ಮೇಲೆ ಕೊಡವರು ಕೋವಿ ಕತ್ತಿಗಳನ್ನು ಪೂಜಿಸುವ ಹಬ್ಬ. ದೇವರ ಕೋಣೆಯಲ್ಲಿ ಕೋವಿಗೆ ಹೂವಿಟ್ಟಿದ್ದರು. ವಿರಾಜಪೇಟೆಯಿಂದ ಮಗಳು ಅಳಿಯ ಬಂದಿದ್ದರು. ಹಂದಿಮಾಂಸ, ಅಕ್ಕಿತರಿಯ ಉಂಡೆ ಕಡಂಬುಟ್ಟು. ನನ್ನನ್ನು ಕರೆದು, ನನಗೆ ಬೇರೆ ಎಲೆಯಲ್ಲಿ ಕಡಂಬುಟ್ಟು, ಬೆಣ್ಣೆ, ಜೇನು ಬಡಿಸಿದರು. ಬರಿಗೈಯಲ್ಲಿ ಹೋಗುವುದು ಬೇಡವೆಂದು ನಾನು ಆ ಬೇರಿನ ಅರೆಪನ್ನು ಒಂದು ಪುಟ್ಟ ಭರಣಿಯಲ್ಲಿ ಒಯ್ದಿದ್ದೆ. "ಮಾಂಸದ ಜೊತೆ ತಿನ್ನುವುದಂತೆ" ಎಂದು ದೇಚವ್ವನ ಕೈಗೆ ಕೊಟ್ಟೆ.

"ಟೀಚರ್ ಮಾಂಸಕ್ಕೆ ಮಸಾಲೆ ತಂದಿದ್ದಾರೆ ನೋಡಿ!" ಎಂದು ಅವರು ಎಲ್ಲರಿಗೂ ತೋರಿಸಿದರು. ಜಗಲಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಪೂವಯ್ಯನವರು ಏನು ಬಡಿಸಿದರೂ ಒಂದೇ ಎಂಬಂತೆ ತಿನ್ನುತ್ತಿದ್ದರು. ಒಂದು ತುಂಡಿಗೆ ಅದನ್ನು ಧಾರಾಳವಾಗಿ ಮೆತ್ತಿ ಬಾಯಿಗಿಟ್ಟರು. ಕ್ಷಣ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡಗೈಯಿಂದ ಮೂಗಿನ ಬುಡ ಹಿಡಿದು ಎದ್ದುನಿಂತರು. ಕುರ್ಚಿ ಹಿಂದಕ್ಕೆ ಬಿತ್ತು.

"ಬಂತು!" ಎಂದರು. "ದೇಚು, ಮೂಗಿಗೆ ಬಂತು! ಇಲ್ಲಿ, ಇಲ್ಲಿ!"

ದೇಚವ್ವ ಕೈಯಲ್ಲಿದ್ದ ಸೌಟು ಬಿಟ್ಟು ಅವರ ಮುಖವನ್ನೇ ನೋಡಿದರು. ಮಗಳು ಅಳತೊಡಗಿದಳು. ಅಳಿಯ ಅಂಗಳಕ್ಕಿಳಿದು ಆಕಾಶಕ್ಕೆ ಕೋವಿ ಹಾರಿಸಿದ. ದೇಚವ್ವ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನನ್ನ ಕುಞ್ಞಿ" ಎಂದರು. ಕುಞ್ಞಿ ಎಂದರೆ ಮಗು. ಮೂರು ತಿಂಗಳಲ್ಲಿ ನನ್ನನ್ನು ಯಾರಾದರೂ ಮುಟ್ಟಿದ್ದು ಅದೇ ಮೊದಲು.

ಅದು ವಾಸನೆ ಅಲ್ಲವೆಂದು ನನಗೆ ಆಗಲೇ ಅನ್ನಿಸಿತ್ತು. ಮೂಗಿನಲ್ಲಿ ವಾಸನೆ ಹಿಡಿಯುವ ನರ ಬೇರೆ, ಉರಿಯನ್ನು ತಿಳಿಸುವ ನರ ಬೇರೆ ಎಂದು ಕಾಲೇಜಿನಲ್ಲಿ ಓದಿದ್ದೆ. ಆದರೆ ಒಂದು ಬಂದರೆ ಇನ್ನೊಂದೂ ಬರಬಾರದೆಂದಿಲ್ಲವಲ್ಲ; ಇರಬಹುದು, ನೋಡೋಣ, ಎಂದುಕೊಂಡೆ.

ಅಂದಿನಿಂದ ದಿನವೂ ಶಾಲೆಯಿಂದ ಬಂದ ಮೇಲೆ ಹಿತ್ತಿಲಿಗೆ ಹೋಗಿ ಬೇರು ಅಗೆಯುವುದು, ತೊಳೆದು ಹೆರೆದು ಅರೆಯುವುದು ನನ್ನ ಕೆಲಸವಾಯಿತು. ಈಗ ನನ್ನ ಚಿಕ್ಕ ಕಲ್ಲಲ್ಲ, ಅವರ ಮನೆಯ ದೊಡ್ಡ ಕಲ್ಲು. ನಾನು ಅರೆಯುವಾಗ ದೇಚವ್ವ ಪಕ್ಕದಲ್ಲಿ ಕುಳಿತು, ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಾತಾಡುತ್ತಿದ್ದರು: ಮಗಳ ಬಾಣಂತನ, ಅತ್ತೆಯ ಕಾಟ, ಮದುವೆಯಾದ ಹೊಸದರಲ್ಲಿ ಗಂಡ ತನ್ನ ತಲೆಯ ಎಣ್ಣೆ ಮೂಸಿ ಯಾವ ಗಾಣದ್ದೆಂದು ಹೇಳುತ್ತಿದ್ದುದು. ನನಗೆಂದು ಒಂದು ಹೊಸ ಪಾತ್ರೆ ಕೊಂಡರು. ನನ್ನ ಹೊಸ್ತಿಲನ್ನು ದಾಟಿದರು. ನನಗೆ ನೆಗಡಿಯಾದಾಗ ರಾತ್ರಿ ಮೆಣಸಿನ ಕಷಾಯ ತಂದು ಕುಡಿಯುವವರೆಗೆ ನಿಂತಿದ್ದರು. ಭಾನುವಾರಗಳು ಭಾನುವಾರಗಳಂತೆ ಇದ್ದವು. ಮಮ್ಮದ್ ಮಾತ್ರ, "ಸಾವ್ಕಾರ್ರಿಗೆ ಇನ್ನು ಹೆದರಬೇಕಿಲ್ಲ, ಆದರೆ ಟೀಚರೇ, ನೀವು ಅರೆಯುವ ಹೊತ್ತಿಗೆ ನಾನು ಈ ರಸ್ತೆಗೇ ಬರೋದಿಲ್ಲ" ಎನ್ನುತ್ತಿದ್ದ.

ಅಕ್ಟೋಬರಿನಲ್ಲಿ ಅಟ್ಟದ ಮೇಲೆ ಒಂದು ಇಲಿ ಸತ್ತಿತು. ಎರಡನೆಯ ದಿನಕ್ಕೆ ಮನೆಯಲ್ಲಿ ಕೂರಲಾಗದಷ್ಟು ನಾತ. ಅದು ಸತ್ತು ಬಿದ್ದಿದ್ದು ಸರಿಯಾಗಿ ಪೂವಯ್ಯನವರ ಕುರ್ಚಿಯ ಮೇಲ್ಗಡೆ ಎಂದು ಹುಡುಕಿದಾಗ ತಿಳಿಯಿತು. ಅವರು ಅದರ ಕೆಳಗೆ ಕುಳಿತು ಪತ್ರಿಕೆ ಓದುತ್ತ ಇಡೀ ದಿನ ಕಳೆದಿದ್ದರು.

"ಇವರಿಗೆ ಇಲಿ ಎಲ್ಲ ಸೇರೋದಿಲ್ಲ, ಕಾಫಿ ಬಂದರೆ ಮಾತ್ರ ಮೂಗು ಎದ್ದೇಳ್ತದೆ. ದೊಡ್ಡ ಮನುಷ್ಯರ ಮೂಗು!" ಎಂದು ದೇಚವ್ವ ನಕ್ಕರು. ಪೂವಯ್ಯನವರೂ ನಕ್ಕರು. ನಗುತ್ತ ಪತ್ರಿಕೆಯನ್ನು ಮಡಿಸಿದರು, ಮಡಿಸಿದ್ದನ್ನು ಮತ್ತೆ ಮಡಿಸಿದರು.

ಮರುದಿನ ದೇಚವ್ವ ಸಂತೆಗೆ ಹೋಗಿದ್ದರು. ನಾನು ಅರೆಯುತ್ತಿದ್ದೆ. ಪೂವಯ್ಯನವರು ಹಿತ್ತಿಲ ಬಾಗಿಲಲ್ಲಿ ಬಂದು ನಿಂತರು.

"ಟೀಚರ್, ನೀವು ಓದಿದವರು. ಇದು ವಾಸನೆಯಾ?"

ಕಲ್ಲಿನ ಮೇಲಿನ ಕೈ ನಿಂತಿತು. ಒಂದು ಸುಳ್ಳು ಸಾಕಿತ್ತು, ಎಲ್ಲವೂ ಹಾಗೇ ಇರುತ್ತಿತ್ತು. ಆದರೆ ಮಮ್ಮದ್ ಹೇಳಿದ ಕೊಳೆತ ಬೀಜ ನೆನಪಾಯಿತು. ಹಾಳು ಮೂಟೆಗೆ ಇವರು ಒಳ್ಳೆಯದೆಂದುಬಿಟ್ಟರೆ ಹೋಗುವುದು ಕೆಲಸ ಮಾತ್ರ ಆಗಿರುತ್ತಿರಲಿಲ್ಲ.

"ಅಲ್ಲ" ಎಂದೆ. "ಉರಿ. ಮೆಣಸಿನಕಾಯಿ ಹುರಿಯುವಾಗ ನಿಮಗೆ ಜ್ವರ ಬಿಟ್ಟ ಮೇಲೂ ಕೆಮ್ಮು ಬರುತ್ತಿತ್ತಲ್ಲ, ಅದೇ."

ಅವರು ಬಾಗಿಲ ಚೌಕಟ್ಟಿಗೆ ಒರಗಿದರು.

"ಹಬ್ಬದ ದಿನ ನಾನು ನಂಬಿದೆ. ನಿನ್ನೆ ಗೊತ್ತಾಯ್ತು" ಎಂದರು. "ದೇಚುಗೆ ಹೇಳಬೇಡಿ. ನಾನೇ ಹೇಳ್ತೇನೆ. ಹುತ್ತರಿ ಆಗಿಹೋಗಲಿ." ಒಳಗೆ ಹೋಗಲು ತಿರುಗಿದವರು ನಿಂತು, "ಅರೆಯೋದು ನಿಲ್ಲಿಸಬೇಡಿ. ಏನೂ ಬಾರದ ಮೂಗಿಗೆ ಅದೊಂದಾದರೂ ಬರ್ತಾ ಉಂಟಲ್ಲ" ಎಂದರು.

ಹಾಗೆ ನಾವಿಬ್ಬರೂ ಎರಡು ತಿಂಗಳು ನಡೆಸಿದೆವು. ಅವರು ಊಟಕ್ಕೆ ಕುಳಿತು ಅದನ್ನು ಬಾಯಿಗಿಟ್ಟು "ಹಾ!" ಎನ್ನುತ್ತಿದ್ದರು. ದೇಚವ್ವ ಹಿಗ್ಗುತ್ತಿದ್ದರು. ಪೂವಯ್ಯನವರೂ ನಾನೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ದೇಚವ್ವ ನನ್ನ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದ ಕತೆಗಳನ್ನು ಈಗ ಕೇಳುವುದು ಕಷ್ಟವಾಗುತ್ತಿತ್ತು. ಅವರು ಕುಞ್ಞಿ ಎಂದಾಗಲೆಲ್ಲ ನಾನು ಇನ್ನಷ್ಟು ಬಗ್ಗಿ ಅರೆಯುತ್ತಿದ್ದೆ.

ಹುತ್ತರಿ ಕಳೆಯಿತು. ಹೊಸ ಕದಿರನ್ನು ನಡುಮನೆಯ ನೆಲ್ಲಕ್ಕಿಗೆ ಕಟ್ಟಿದ್ದೂ ಆಯಿತು. ಪೂವಯ್ಯನವರು ಹೇಳಲಿಲ್ಲ. ದಿನ ನೋಡುತ್ತಿದ್ದರೆಂದು ಕಾಣುತ್ತದೆ. ಅಷ್ಟರಲ್ಲಿ ಒಂದು ಬಿಸಿಲಿನ ಬೆಳಿಗ್ಗೆ ಮಮ್ಮದ್ ಬಟ್ಟೆಯ ಚೀಲವೊಂದನ್ನು ಹಿಡಿದು ಬಂದ.

"ಮೊದಲನೇ ಲಾಟು ಪೂವಯ್ಯಣ್ಣ. ಲಾರಿ ಗೋದಾಮಿನ ಬಾಗಿಲಲ್ಲೇ ನಿಂತಿದೆ. ಸಾವ್ಕಾರ್ರು ನಿಮ್ಮನ್ನು ಕೇಳದೆ ಹಗ್ಗ ಬಿಚ್ಚಬೇಡ ಅಂದರು."

ದೇಚವ್ವ ಒಳಗಿನಿಂದ ಬಿಳಿ ಪಿಂಗಾಣಿ ಬಟ್ಟಲು ತಂದಿಟ್ಟರು. ಅದಕ್ಕೆಂದೇ ಇದ್ದ ಬಟ್ಟಲು, ತೊಳೆದು ಒರೆಸಿಟ್ಟಿದ್ದರು. ಮಮ್ಮದ್ ಬೀಜ ಸುರಿದ. ಜಗಲಿಯ ಇನ್ನೊಂದು ತುದಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ನನಗೇ ಅದು ಬಂತು: ಒದ್ದೆ ಗೋಣಿಯ, ಮುಗ್ಗಲು ಹಿಡಿದ ವಾಸನೆ. ಪೂವಯ್ಯನವರು ಒಂದು ಹಿಡಿ ಎತ್ತಿ ಎರಡೂ ಅಂಗೈಗಳಲ್ಲಿ ಮುಚ್ಚಿ, ಬೆಚ್ಚನೆಯ ಉಸಿರು ಊದಿ, ಮೂಗಿಗೆ ಹಿಡಿದರು. ಕಣ್ಣು ಮುಚ್ಚಿದರು. ಅವರು ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೊಂದೇ ಸಲ. ತಲೆಯೆತ್ತಿ ಅವರು ನನ್ನ ಕಡೆ ನೋಡಿದ್ದರೆ ನನ್ನ ಮುಖದಲ್ಲಿ ಎಲ್ಲವೂ ಇತ್ತು. ನಾನು ಕಾಯುತ್ತಿದ್ದೆ. ಅವರು ನೋಡಲಿಲ್ಲ.

ಬೀಜವನ್ನು ಒಂದೂ ಕೆಳಗೆ ಬೀಳದಂತೆ ಬಟ್ಟಲಿಗೆ ಹಾಕಿದರು.

"ನನಗೆ ತಿಳಿಯೋದಿಲ್ಲ ಮಮ್ಮದ್. ಮೂಗು ಹೋಗಿದೆ. ಸಾವ್ಕಾರ್ರಿಗೆ ಬೇರೆಯವರನ್ನು ನೋಡಿಕೊಳ್ಳಲಿಕ್ಕೆ ಹೇಳು."

"ಎಂತ ಹೇಳ್ತೀರಿ ನೀವು?" ಎಂದರು ದೇಚವ್ವ. "ದಿನಾ ಬರ್ತಾ ಇತ್ತಲ್ಲ! ನಿನ್ನೆ ರಾತ್ರಿ ಕೂಡ ಬಂತಲ್ಲ!"

"ಅದು ಉರಿ ದೇಚು. ವಾಸನೆ ಅಲ್ಲ."

ಅವರು ಗಂಡನನ್ನು ನೋಡಿದರು. ಆಮೇಲೆ ನನ್ನನ್ನು. "ನಿಮಗೆ ಗೊತ್ತಿತ್ತಾ ಟೀಚರ್?"

"ಗೊತ್ತಿತ್ತು" ಎಂದೆ.

"ಹೇಳಬೇಡಿ ಅಂದದ್ದು ನಾನು" ಎಂದರು ಪೂವಯ್ಯನವರು. ಅದರಿಂದ ಒಳ್ಳೆಯದಾಗಲಿಲ್ಲ.

"ಹಾಗಾದರೆ ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿರಲಿಲ್ಲ" ಎಂದು ದೇಚವ್ವ ಪಿಂಗಾಣಿ ಬಟ್ಟಲನ್ನು ಎತ್ತಿಕೊಂಡು, ಬೀಜವನ್ನು ಚೀಲಕ್ಕೆ ಸುರಿದು ಮಮ್ಮದನಿಗೆ ಕೊಟ್ಟು ಒಳಗೆ ಹೋದರು. ಮಮ್ಮದ್ ಏನೋ ತಮಾಷೆ ಹೇಳಲು ಬಾಯಿ ತೆರೆದು, ಹೇಳದೆ ಮೆಟ್ಟಿಲಿಳಿದ.

ಆಮೇಲೆ ದೇಚವ್ವ ನನ್ನೊಡನೆ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನನ್ನ ಪಾತ್ರೆಯನ್ನು ತೊಳೆದು ನನ್ನ ಬಾಗಿಲ ಬಳಿ ಇಟ್ಟರು. ಸಂಜೆ ಹೊಸ್ತಿಲಾಚೆ ನಿಂತು "ಊಟ ಆಯ್ತಾ ಟೀಚರ್?" ಎನ್ನುತ್ತಿದ್ದರು. "ಆಯ್ತು" ಎನ್ನುತ್ತಿದ್ದೆ. ದೊಡ್ಡ ಕಲ್ಲಿನ ಬಳಿಗೆ ನಾನು ಹೋಗಲಿಲ್ಲ. ಸಾವ್ಕಾರರು ಪೂವಯ್ಯನವರನ್ನು ಪೂರ್ತಿ ಬಿಡಲಿಲ್ಲ. ಕಣದಲ್ಲಿ ಕಾಫಿ ಒಣಗಿಸುವುದರ ಮೇಲ್ವಿಚಾರಣೆ ಕೊಟ್ಟರು. ಅವರು ಬೀಜ ಕಚ್ಚಿ ನೋಡಿ ಒಣಗಿದೆಯೋ ಇಲ್ಲವೋ ಹೇಳುತ್ತಾರೆಂದು ಮಮ್ಮದ್ ಹೇಳಿದ. ಮೂಗು ಇದ್ದ ಜಾಗಕ್ಕೆ ಮಂಗಳೂರಿನಿಂದ ಯಾರೋ ಬಂದರಂತೆ. ನನ್ನ ಚಿಕ್ಕ ಕಲ್ಲಿನ ಮೇಲೆ ಒಮ್ಮೊಮ್ಮೆ ಒಂದು ಚೂರು ಬೇರು ಅರೆದು ಮೊಸರನ್ನಕ್ಕೆ ಹಾಕಿಕೊಂಡೆ. ಬಾಗಿಲು ಮುಚ್ಚಿ ಅರೆಯುತ್ತಿದ್ದೆ. ಕಣ್ಣು ಸುರಿದರೆ ಸುರಿಯಲಿ ಎಂದು.

ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂತು. ಅದಾದ ಕೆಲವು ದಿನಕ್ಕೆ ಊರಿನ ಸುತ್ತ ಇದ್ದ ಕಾಫಿ ತೋಟಗಳೆಲ್ಲ ಒಂದೇ ಬೆಳಿಗ್ಗೆ ಬೆಳ್ಳಗಾದವು. ನಾನು ಕದ ತೆಗೆದಾಗ ಪೂವಯ್ಯನವರು ಜಗಲಿಯಲ್ಲಿ ಕುಳಿತಿದ್ದರು, ಮುಖ ತೋಟದ ಕಡೆ.

"ಬಂದಿದೆಯಾ ಟೀಚರ್?"

"ಬಂದಿದೆ."

"ಹೇಗುಂಟು, ಹೇಳಿ."

ನಾನು ಜಗಲಿಯ ಅಂಚಿಗೆ ಹೋಗಿ ನಿಂತೆ. ಇಂಥದ್ದನ್ನು ಹೇಳಿ ನನಗೆ ಅಭ್ಯಾಸವಿಲ್ಲ. "ಮಲ್ಲಿಗೆಯ ಹಾಗೆ" ಎಂದೆ.

"ಮಲ್ಲಿಗೆ ಅಂತ ಹೊರಗಿನವರು ಹೇಳ್ತಾರೆ. ಸರಿಯಾಗಿ ನೋಡಿ."

ಕಣ್ಣು ಮುಚ್ಚಿದೆ. "ಮಲ್ಲಿಗೆಗಿಂತ ತೆಳು. ಸ್ವಲ್ಪ ಜೇನು ಇದೆ. ಅದರ ಹಿಂದೆ ಮಳೆ ಬಿದ್ದ ಮಣ್ಣು... ಇಲ್ಲ, ಎಲೆ. ಹಸಿ ಎಲೆ ಹಿಸುಕಿದ ಹಾಗೆ."

"ಹೂಂ" ಎಂದರು. "ಆಮೇಲೆ?"

ಒಳಗಿನಿಂದ ದೇಚವ್ವನ ದನಿ ಬಂತು.

"ಹಸಿ ಎಲೆಯೂ ಅಲ್ಲ ಎಂತದೂ ಅಲ್ಲ. ಕಿತ್ತಳೆ ಹೂವು. ನಮ್ಮ ಮದುವೆ ಆದ ವರ್ಷ ಬಾವಿ ಹತ್ತಿರ ಇತ್ತಲ್ಲ ಕಿತ್ತಳೆ ಮರ, ಅದರದ್ದು. ಬೆಳಗಾಗುವಾಗ." ಅವರು ಹೊರಗೆ ಬಂದಿದ್ದರು. ಕೈಯಲ್ಲಿ ಕಸಬರಿಗೆ ಇತ್ತು.

"ಬಾವಿ ಹತ್ತಿರ ಇದ್ದದ್ದು ನಿಂಬೆ" ಎಂದರು ಪೂವಯ್ಯನವರು.

"ಕಿತ್ತಳೆ."

"ನಿಂಬೆ. ಆಗ ನನಗೆ ಮೂಗಿತ್ತು."

ದೇಚವ್ವ ಕಸಬರಿಗೆ ಗೋಡೆಗೆ ಒರಗಿಸಿ ಗಂಡನ ಕುರ್ಚಿಯ ಪಕ್ಕ ಮೆಟ್ಟಿಲ ಮೇಲೆ ಕುಳಿತರು. ಕುಳಿತು ಹೇಳತೊಡಗಿದರು, ನಿಧಾನವಾಗಿ, ಕೊಡವ ಭಾಷೆಯಲ್ಲಿ. ನನಗೆ ಅರ್ಥವಾದದ್ದು ಕಡಿಮೆ. ಪೂವಯ್ಯನವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಡುನಡುವೆ ಏನೋ ಕೇಳುತ್ತಿದ್ದರು, ದೇಚವ್ವ ಗಾಳಿಯ ಕಡೆ ಮುಖ ಎತ್ತಿ ಮೂಸಿ ಉತ್ತರ ಹೇಳುತ್ತಿದ್ದರು. ನಾನು ಸದ್ದಾಗದಂತೆ ಕೋಣೆಗೆ ಬಂದು ಶಾಲೆಗೆ ಹೊರಡಲು ತಲೆ ಬಾಚಿಕೊಂಡೆ.

ಏಪ್ರಿಲಿನಲ್ಲಿ ಶಾಲೆ ಮುಗಿಯಿತು. ನಾನು ಹೊರಡುವ ದಿನ ದೇಚವ್ವ ಬಾಳೆನಾರಿನಿಂದ ಕಟ್ಟಿದ ಒಂದು ಪೊಟ್ಟಣ, ಒಂದು ಶೀಸೆ ಕಾಚಂಪುಳಿ ತಂದು ಟ್ರಂಕಿನ ಮೇಲಿಟ್ಟರು. ಪೊಟ್ಟಣದಲ್ಲಿ ಒದ್ದೆ ಪಾಚಿಯಲ್ಲಿ ಸುತ್ತಿದ ಬೇರುಗಳಿದ್ದವು.

"ಮೊಸರನ್ನಕ್ಕೆ ಹಾಕಿ ತಿಂತೀರಿ ಅಂತ ನನಗೆ ಗೊತ್ತುಂಟು" ಎಂದರು. "ಬಾಗಿಲು ಮುಚ್ಚಿದರೆ ಆಯ್ತಾ? ನನಗೆ ಮೂಗಿಲ್ಲವಾ?"

ನಾನು ಏನಾದರೂ ಹೇಳಬೇಕಿತ್ತು. ಅವರನ್ನು ಏನೆಂದಾದರೂ ಕರೆಯಬೇಕಿತ್ತು. ಬಗ್ಗಿ ಕಾಲು ಮುಟ್ಟಿದೆ. ಅವರು ತಲೆಯ ಮೇಲೆ ಕೈಯಿಟ್ಟರು. ಬಸ್ಸು ಬಂತು.

ಕೊಡಗು ಈಗ ಮೈಸೂರಿಗೆ ಸೇರಿದೆ. ನಾನು ಮತ್ತೆ ಆ ಕಡೆ ಹೋಗಿಲ್ಲ. ಬೇರುಗಳನ್ನು ನಮ್ಮ ಬಚ್ಚಲ ಹಿಂದೆ ನೆಟ್ಟಿದ್ದೆ. ನಮ್ಮ ಕಡೆಯ ಬಿಸಿಲಿಗೆ ಒಂದೊಂದಾಗಿ ಒಣಗಿದವು, ಒಂದು ಮಾತ್ರ ಉಳಿಯಿತು. ಸಾಸಿವೆಯ ಘಾಟಿನಿಂದ ಎದ್ದು ಬಂದ ನಾನು ಅದರ ಎದುರಿಗೆ ನಿಂತಿದ್ದೆ. ಎರಡೇ ಎಲೆ, ಅಂಚು ಸುಟ್ಟಿತ್ತು. ಅಮ್ಮ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದಳು.

"ಯಾವ್ದೇ ಅದು ಕಳೆ? ಕಿತ್ತಾಕ್ಲಾ?"

"ಬೇಡಮ್ಮ."

"ಏನಕ್ಕೆ ಬರತ್ತೆ ಅದು?"

ಮಾಂಸಕ್ಕೆ ಎನ್ನುವಂತಿರಲಿಲ್ಲ. ಮೂಗಿಗೆ ಎಂದರೆ ಸುಳ್ಳಾಗುತ್ತಿತ್ತು. ನಾನು ಬಚ್ಚಲಿನಿಂದ ಒಂದು ತಂಬಿಗೆ ನೀರು ತಂದು ಅದರ ಬುಡಕ್ಕೆ ಹಾಕಿದೆ. ಅಮ್ಮ ಕಾದಳು, ಆಮೇಲೆ ಉಪ್ಪಿನಕಾಯಿ ನೆನಪಾಗಿ ಒಳಗೆ ಹೋದಳು.